ನಾಲ್ಕು ಕಾಲಿನ ಕಿರಾಯಿ

ಬೀದರ್ ಹತ್ತಿರದ ಕೊಳಾರದಲ್ಲಿ ಕಿರಾಯಿ ಮನೆ ಹುಡುಕುತ್ತ ಹೋದವರು ಮನೆ ನೋಡುವ ಮೊದಲು ಮಾಲಕರನ್ನು ನೋಡಬೇಕಾಗುತ್ತದೆ. ಅಸಲಿಗೆ ನೋಡುವವರು ಅವರೇ. ಅಂಗಳದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಗೇಟಿನೊಳಗೆ ಬಂದವರನ್ನು ಚಪ್ಪಲಿಯಿಂದ ಹಿಡಿದು ಮೇಲಕ್ಕೆ ಓದುತ್ತ ಹೋಗುತ್ತಾರೆ. ಬಿಳಿ ಧೋತರ, ತೋಳಿನ ಬನಿಯನ್, ಕಿವಿಯ ಮೇಲೆ ಬಾಲ್‌ಪೆನ್ನು, ತೊಡೆಯ ಮೇಲೆ ನೂರು ಪುಟದ ನೋಟ್‌ಬುಕ್ಕು. ಹೆಸರು ಬೇಡ. ಇವರು ಭಾಲ್ಕಿಯಲ್ಲೂ ಇದ್ದಾರೆ, ಔರಾದ್‌ನಲ್ಲೂ ಇದ್ದಾರೆ, ಬೀದರಿನ ಶಿವನಗರದಲ್ಲಂತೂ ಓಣಿಗೆ ಇಬ್ಬರಾದರೂ ಸಿಗುತ್ತಾರೆ. ಕಿರಾಯಿದಾರರು ಎದುರಿಗೆ "ಮಾಲಕ್ರು" ಅನ್ನುತ್ತಾರೆ, ಮೆಟ್ಟಿಲು ಹತ್ತಿದ ಮೇಲೆ ಬೇರೆ ಏನೋ ಅನ್ನುತ್ತಾರೆ.

ಇವರ ತಂದೆಯ ಕಾಲಕ್ಕೆ ಇಲ್ಲಿ ತೊಗರಿ, ಜೋಳ. ಆಮೇಲೆ ನೌಬಾದ್ ದಾಟಿ ಈ ಕಡೆ ಕೈಗಾರಿಕಾ ಪ್ರದೇಶ ಬಂತು, ಔಷಧಿ ಮತ್ತು ರಾಸಾಯನಿಕದ ಕಾರ್ಖಾನೆಗಳು ಬಂದವು. ಅವುಗಳ ಬೆನ್ನಿಗೆ ಕೆಮಿಸ್ಟರು, ಫಿಟ್ಟರುಗಳು, ಪ್ಯಾಕಿಂಗಿನವರು, ಬಿಹಾರದ ಹುಡುಗರು. ಎರಡು ಚೀಲ ತೊಗರಿ ಕೊಡಲು ಅಳುತ್ತಿದ್ದ ಕೆಂಪು ನೆಲ ಈಗ ಖೋಲಿಗೆ ಇಷ್ಟು ಅಂತ ತಿಂಗಳಿಗೊಂದು ಬೆಳೆ ಕೊಡುತ್ತದೆ. ಮಳೆಯ ಹಂಗಿಲ್ಲ, ಗೊಡ್ಡು ರೋಗದ ಭಯವಿಲ್ಲ. ಆದರೂ ರೈತನ ಕಣ್ಣು ರೈತನದೇ. ಬದುವಿನ ಮೇಲೂ ಒಂದು ಸಾಲು ಏನಾದರೂ ಬಿತ್ತಬಹುದಲ್ಲ ಅಂತ ಅದು ಹುಡುಕುತ್ತಲೇ ಇರುತ್ತದೆ. ಮಾಲಕರಿಗೆ ಹಾಗೆ ಬದುವಿನ ಮೇಲೆ ಕಂಡದ್ದು ಕಿರಾಯಿದಾರರ ನಾಯಿ, ಬೆಕ್ಕು.

ಕಂಡದ್ದು ಹೇಗೆ ಅಂದರೆ, ಮಗನಿಂದ. ಮಗ ಅಮೆರಿಕದ ಡಲ್ಲಾಸಿನಲ್ಲಿದ್ದಾನೆ. ಅವನೂ ಕಿರಾಯಿ ಮನೆಯಲ್ಲೇ ಇದ್ದಾನೆ, ಒಂದು ನಾಯಿ ಸಾಕಿದ್ದಾನೆ. ಒಂದು ದಿನ ಫೋನಿನಲ್ಲಿ ಗೋಳು ತೋಡಿಕೊಂಡ: "ಅಪ್ಪಾ, ಇಲ್ಲಿ ನಾಯಿಗೂ ಕಿರಾಯಿ ತಗೋತಾರಪ. ಪೆಟ್ ರೆಂಟ್ ಅಂತಾರ. ಬರೋ ಮೊದಲು ಒಂದ್ ಡಿಪಾಜಿಟ್, ಮ್ಯಾಲ ತಿಂಗಳಾ ತಿಂಗಳಾ ಬ್ಯಾರೆ. ಲೂಟಿ ನಡ್ಸ್ಯಾರ." ಬೇರೆ ಯಾವ ತಂದೆಯಾದರೂ ಮಗನ ಸಂಕಟ ಕೇಳಿ ಮರುಗುತ್ತಿದ್ದ. ಮಾಲಕರು ಕಿವಿಯ ಮೇಲಿನ ಪೆನ್ನು ತೆಗೆದು, "ಸಾವಕಾಶ ಹೇಳು. ಡಿಪಾಜಿಟ್ ಎಷ್ಟು? ತಿಂಗಳಿಗಿ ಎಷ್ಟು? ಬೆಕ್ಕಿಗೂ ಅಷ್ಟೇ ಏನು?" ಅಂತ ಕೇಳಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡರು. ಮಗ ತನ್ನ ಕಷ್ಟ ಕೇಳಿದರಲ್ಲ ಅಂತ ಸಮಾಧಾನಪಟ್ಟುಕೊಂಡಿರಬೇಕು.

ಅಂದಿನಿಂದ ಸಂದರ್ಶನದ ಪ್ರಶ್ನೆ ಬದಲಾಯಿತು. ಮೊದಲು "ಎಷ್ಟ್ ಮಂದಿ ಅದೀರಿ?" ಅನ್ನುತ್ತಿದ್ದರು. ಈಗ "ಮನ್ಯಾಗ ಉಸಿರಾಡೋವು ಒಟ್ಟು ಎಷ್ಟು?" ಅನ್ನುತ್ತಾರೆ. ಬಾಗಲಕೋಟೆ ಕಡೆಯ ವೆಟರ್ನರಿ ಹುಡುಗನೊಬ್ಬ ಖೋಲಿ ಕೇಳಲು ಬಂದಾಗ ನಾನು ಎದುರಿನ ಹೋಟೆಲಿನ ಬಾಕಿನ ಮೇಲೆ ಚಹಾ ಕುಡಿಯುತ್ತಿದ್ದೆ. ಮಾಲಕರ ದನಿ ರಸ್ತೆ ದಾಟಿ ಬರುವಂಥದ್ದು.

"ಇಬ್ರು ರೀ ಕಾಕಾ. ನಾನು, ಮೋತಿ."

"ಮೋತಿ ಯಾರು? ತಮ್ಮ ಏನು?"

"ನಾಯಿ ರೀ."

ಪೆನ್ನು ಕಿವಿಯಿಂದ ಇಳಿಯಿತು. "ಏನ್ ತಿಂತದ?"

"ಅನ್ನ, ಹಾಲು, ರೊಟ್ಟಿ. ವಾರಕ್ಕ ಎರಡ್ ಸಲ ತತ್ತಿ."

"ತತ್ತಿ ತಿನ್ನೋದು ನಾಯಿ ಒಂದೇನೋ, ನೀನೂ ತಿಂತೀಯೋ?"

ಹುಡುಗ ಜಾಣ. "ನಾಯಿ ತಿಂದದ್ದು ಉಳಿದರ ನೋಡಬೇಕ್ರಿ" ಅಂದ.

"ಅದಿರ್ಲಿ. ಜಾತಿ ಯಾವ್ದು?"

"ಮುಧೋಳ ರೀ."

"ನಾಯಿದಲ್ಲ, ತಮ್ಮಾ."

ಬೀದರ್ ಜಿಲ್ಲೆಯಲ್ಲಿ ಮನೆ ಹುಡುಕಿದವರಿಗೆಲ್ಲ ಈ ಕೊನೆಯ ಪ್ರಶ್ನೆ ಗೊತ್ತು. ನೇರವಾಗಿ ಕೇಳುವುದು ಈಗ ಚೆಂದವಲ್ಲ ಅಂತ ಅಡುಗೆಮನೆಯ ದಾರಿಯಿಂದ ಕೇಳುತ್ತಿದ್ದರು. ನಾಯಿ ಬಂದ ಮೇಲೆ ಇನ್ನೊಂದು ದಾರಿ ಸಿಕ್ಕಿತು. ಎರಡೂ ದಾರಿ ಒಂದೇ ಬಾಗಿಲಿಗೆ ಹೋಗಿ ನಿಲ್ಲುತ್ತವೆ, ಎಷ್ಟೋ ಜನರಿಗೆ ಆ ಬಾಗಿಲು ತೆರೆಯುವುದೂ ಇಲ್ಲ. ಹುಡುಗನಿಗೆ ತೆರೆಯಿತು, ಯಾಕೆಂದರೆ ತಗಡಿನ ಖೋಲಿ ಬಹಳ ದಿನದಿಂದ ಖಾಲಿ ಬಿದ್ದಿತ್ತು. ಖೋಲಿಗೆ ಮೂರು ಸಾವಿರ, ಮೋತಿಗೆ ಐನೂರು.

ಐನೂರು ಯಾಕೆ ಅನ್ನುವುದಕ್ಕೆ ಮಾಲಕರ ಬಳಿ ಉತ್ತರ ಸಿದ್ಧವಿದೆ. ಅನ್ಯಾಯ ಮಾಡುತ್ತಿದ್ದೇನೆ ಅಂತ ಅವರಿಗೆ ಒಂದು ಕ್ಷಣವೂ ಅನ್ನಿಸಿಲ್ಲ. ಪ್ರತಿ ರೂಪಾಯಿಗೂ ಕಾರಣ ಇಟ್ಟುಕೊಂಡೇ ಮಾತಾಡುತ್ತಾರೆ. "ಬೋರಿನ ನೀರು ಪುಕಟ ಬರ್ತದೇನ್ರಿ? ಮನಷ್ಯಾ ಒಂದ್ ಬಕೀಟ್‌ನಾಗ ಜಳಕಾ ಮಾಡ್ತಾನ. ನಾಯಿಗಿ ಎರಡು ಬೇಕು, ಮ್ಯಾಲ ಅದು ಮೈ ಝಾಡಿಸಿದ್ರ ಗೋಡಿಗಿ ಅರ್ಧ ಬಕೀಟು. ಸುಣ್ಣ ಬಣ್ಣಾ ಯಾರ ಮಾಡ್ಸೋರು? ಟೈಲ್ಸ್ ಮ್ಯಾಲ ಉಗುರಿನ ಗೆರಿ ಬೀಳ್ತಾವ. ಕೂದ್ಲಾ ಮೋರ್‍ಯಾಗ ಸಿಗಬೀಳ್ತಾವ. ವಾಸನಿ ಬ್ಯಾರೆ." ತಗಡಿನ ಖೋಲಿಯಲ್ಲಿ ಟೈಲ್ಸ್ ಎಲ್ಲಿದೆ ಅಂತ ಹುಡುಗ ಕೇಳಿದ. "ಹಾಕ್ಸೋನಿದ್ದೀನಿ" ಅಂದರು ಮಾಲಕರು.

ಇನ್ನು ವಾಸನೆಯ ಮಾತು. ರಾತ್ರಿ ಗಾಳಿ ತಿರುಗಿದರೆ ಕಾರ್ಖಾನೆಗಳ ಕಡೆಯಿಂದ ಬರುವ ಘಾಟಿಗೆ ಕೊಳಾರದವರು, ಪಕ್ಕದ ನಿಜಾಂಪುರದವರು ಕಿಟಕಿ ಹಾಕಿಕೊಂಡು ಮಲಗುತ್ತಾರೆ. ಮನವಿ ಕೊಟ್ಟಿದ್ದಾರೆ, ಪೇಪರಿನಲ್ಲೂ ಬಂದಿದೆ. ಮುಧೋಳ ನಾಯಿ ಮೊದಲೇ ಸಣಕಲು, ಗಿಡ್ಡ ಕೂದಲಿನದು. ಆ ಘಾಟಿನ ನಡುವೆ ಅದರ ವಾಸನೆಯನ್ನು ಹುಡುಕಿ ಹಿಡಿಯಬೇಕಾದರೆ ಇನ್ನೊಂದು ಮುಧೋಳ ನಾಯಿಯೇ ಬೇಕು. ಆದರೆ ಮಾಲಕರ ಮೂಗು ಚುರುಕು. ಕಿರಾಯಿ ಹಾಕಲು ಬರುವ ವಾಸನೆ ಮಾತ್ರ ಅದಕ್ಕೆ ಹತ್ತುತ್ತದೆ.

ಎರಡನೇ ಮಹಡಿಯಲ್ಲಿ ಹೈದರಾಬಾದ್ ಕಡೆಯಿಂದ ಬಂದ ಕೆಮಿಸ್ಟ್ ಇದ್ದಾನೆ. ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿದ್ದಾನೆ, ವಾಸ್ತುವಿಗೆ ಒಳ್ಳೆಯದಂತೆ. ಮೀನು ಬೊಗಳುವುದಿಲ್ಲ, ಪರಚುವುದಿಲ್ಲ, ಮೆಟ್ಟಿಲಲ್ಲಿ ಉಚ್ಚೆ ಹೊಯ್ಯುವುದಿಲ್ಲ. ಏನಂತ ಹಾಕುವುದು? ಮಾಲಕರು ಎರಡು ದಿನ ವಿಚಾರ ಮಾಡಿದರು. ಮೂರನೆಯ ದಿನ ಮೇಲೆ ಹೋಗಿ, ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಗುಳ್ಳೆ ಬಿಡುವ ಯಂತ್ರವನ್ನೂ ನೀರಿನ ಆಳವನ್ನೂ ನೋಡಿ ಇಳಿದು ಬಂದರು. "ಮೀನಿಂದು ಏನಿಲ್ಲ. ಅವು ಪಾಪ, ಬಾಯಿ ಸತ್ತವು. ನೀರಿಂದು ವಜನ್ ಅದ. ಸ್ಲ್ಯಾಬಿನ ಮ್ಯಾಲ ಬೀಳ್ತದ. ಸ್ಲ್ಯಾಬಿಗಿ ನೂರೈವತ್ತು." ಮೀನಿಗೆ ಕಿರಾಯಿಯಿಲ್ಲ, ವಜನಿಗೆ ಇದೆ ಅನ್ನುವ ಈ ತೀರ್ಪನ್ನು ಕೆಮಿಸ್ಟ್ ಒಪ್ಪಿಕೊಂಡ. ಅದನ್ನು ತಮ್ಮ ದಯೆ ಅಂತಲೇ ಮಾಲಕರು ಇವತ್ತಿಗೂ ಹೇಳಿಕೊಳ್ಳುತ್ತಾರೆ.

ಗಿಳಿಯದು ಬೇರೆ ಕಥೆ. ಇನ್ನೊಂದು ತಗಡಿನ ಖೋಲಿಯ ಹುಡುಗರು ಸಂತೆಯಿಂದ ಒಂದು ಗಿಳಿ ತಂದಿದ್ದರು, ಕೊರಳಿಗೆ ಗುಲಾಬಿ ಪಟ್ಟಿ ಇರುವ ಮಾಮೂಲಿ ಗಿಳಿ. ವೆಟರ್ನರಿ ಹುಡುಗ ನೋಡಿ, "ಕಾಕಾ, ಇದು ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗ ಬರ್ತದ. 1972ರ ಕಾಯ್ದೆ. ನಮ್ಮ ದೇಶದ ಗಿಳಿ ಪಂಜರದಾಗ ಇಡಂಗಿಲ್ಲ" ಅಂದ. ಮಾಲಕರು ಗಾಬರಿಯಾಗಲಿಲ್ಲ. "ಹಂಗಾದ್ರ ನನಗ ರಿಸ್ಕ್ ಅದ. ರಿಸ್ಕಿಗಿ ರೇಟು ಡಬಲ್." ಹುಡುಗರು ಡಬಲ್ ರೇಟಿಗೆ ಹೆದರಿದರೋ ಕಾಯ್ದೆಗೆ ಹೆದರಿದರೋ, ಮರುದಿನ ಬೆಳಿಗ್ಗೆ ಪಂಜರದ ಬಾಗಿಲು ತೆಗೆದು ಬಿಟ್ಟರು. ಗಿಳಿ ಬೇವಿನ ಮರಕ್ಕೆ ಹಾರಿತು. ಅದರ ಕಡೆ ನೋಡುತ್ತ ಮಾಲಕರು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಹೊಡೆದು ಹಾಕಿದರು. ವನ್ಯಜೀವಿ ರಕ್ಷಣೆಗೆ ಕೊಳಾರದಲ್ಲಿ ಇಷ್ಟು ಶೀಘ್ರ ಫಲ ಸಿಕ್ಕದ್ದು ಇವರ ರೇಟಿನಿಂದಲೇ ಅಂತ ನನ್ನ ಅಭಿಪ್ರಾಯ.

ಇವರಿಗೆ ಪ್ರಾಣಿಗಳ ಮೇಲೆ ಸಿಟ್ಟಿದೆ ಅಂತ ತಿಳಿದವರು ತಪ್ಪು ತಿಳಿದಂತೆ. ಇವರಷ್ಟು ಪ್ರಾಣಿ ಬಲ್ಲವರು ಆ ಓಣಿಯಲ್ಲಿ ಇನ್ನೊಬ್ಬರಿಲ್ಲ. ತಂದೆಯ ಹತ್ತಿರ ದೇವಣಿ ಎತ್ತಿನ ಜೋಡಿಯಿತ್ತು. ದೇವಣಿಯಲ್ಲಿ ಮೈ ಬಿಳಿ, ಮುಖದಲ್ಲಿ ಕಪ್ಪು ಇದ್ದರೆ ವನ್ನೇರಾ, ಪೂರ್ತಿ ಬಿಳಿಯಾದರೆ ಬಾಲಂಕ್ಯಾ, ಬಿಳಿಯ ಮೇಲೆ ಕಪ್ಪು ಮಚ್ಚೆ ಚೆಲ್ಲಿದ್ದರೆ ಶೇವೇರಾ ಅಂತ ಕುರ್ಚಿಯಲ್ಲಿ ಕೂತೇ ಹೇಳುತ್ತಾರೆ. ಕೊಂಬು ಸವರುವ ಹಾಗೆ ಕೈಯನ್ನು ಗಾಳಿಯಲ್ಲಿ ಆಡಿಸುತ್ತಾರೆ. ಆ ಕಾಲದ ಮನೆಯಲ್ಲಿ ತಲೆಬಾಗಿಲು ದಾಟಿದರೆ ಮೊದಲು ದನ, ಆಮೇಲೆ ಜನ. ಕೆಳಗೆ ಗೋದಲಿ, ಮೇಲೆ ಕಟ್ಟೆಯ ಮೇಲೆ ಇವರ ಹಾಸಿಗೆ. ರಾತ್ರಿ ಎತ್ತು ಮೆಲುಕು ಹಾಕುವ ಸಪ್ಪಳ ಕೇಳದಿದ್ದರೆ ನಿದ್ದೆ ಹತ್ತುತ್ತಿರಲಿಲ್ಲವಂತೆ. ಆ ಎತ್ತುಗಳು ಎಷ್ಟು ಕಿರಾಯಿ ಕೊಡುತ್ತಿದ್ದವು ಅಂತ ಒಮ್ಮೆ ನಾನೇ ಕೇಳಿದೆ. "ಅವು ದುಡೀತಿದ್ವು ರೀ" ಅಂದರು, ನನ್ನನ್ನು ದಡ್ಡನ ಹಾಗೆ ನೋಡುತ್ತ. "ನಿಮ್ಮ ಮೋತ್ಯಾ ಏನ್ ರಂಟಿ ಹೊಡೀತದೇನು?"

ಪ್ರಾಣಿಗಳ ವಿಷಯಕ್ಕೆ ಬಂದರೆ ನಮ್ಮ ಜಿಲ್ಲೆ ಸಣ್ಣದಲ್ಲ. ಕರ್ನಾಟಕಕ್ಕೆಲ್ಲ ಸೇರಿ ಇರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಬೀದರ್. 2004ರ ಕಾಯ್ದೆಯಿಂದ ಹುಟ್ಟಿದ್ದು, ಇರುವ ಜಾಗದ ಹೆಸರೂ ನಂದಿನಗರ. ಮುಧೋಳ ನಾಯಿಗಾಗಿ ತಿಮ್ಮಾಪುರದಲ್ಲಿ ನಡೆಯುವ ಸಂಶೋಧನಾ ಕೇಂದ್ರವೂ ಇದೇ ವಿಶ್ವವಿದ್ಯಾಲಯದ್ದು. 2005ರಲ್ಲಿ ಅಂಚೆ ಇಲಾಖೆ ಆ ತಳಿಯ ಚಿತ್ರ ಹಾಕಿ ಅಂಚೆ ಚೀಟಿ ತಂದಿತ್ತು. ಹುಡುಗ ಆ ಚೀಟಿಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ, "ನೋಡ್ರಿ ಕಾಕಾ, ಭಾರತ ಸರ್ಕಾರ ಮರ್ಯಾದಿ ಕೊಟ್ಟ ನಾಯಿ" ಅಂದ. ಮಾಲಕರು ಕನ್ನಡಕ ಏರಿಸಿ ನೋಡಿದರು. "ಚೀಟಿ ಮ್ಯಾಲ ಎಷ್ಟ್ ಬರ್ದಾರ? ಐದು ರೂಪಾಯಿ. ಸರ್ಕಾರಾನೂ ರೊಕ್ಕಾ ಇಲ್ಲದ ಹಂಚ್ಯಾದೇನು?"

ಭಾಲ್ಕಿಯ ಮಾಸ್ತರರು ಮೊದಲ ಮಹಡಿಯಲ್ಲಿದ್ದಾರೆ. ಅವರ ಹತ್ತಿರ ಪ್ರಾಣಿಯಿಲ್ಲ, ಹಾಗಾಗಿ ಧೈರ್ಯ ಜಾಸ್ತಿ. ಮಾಲಕರ ಮನೆದೇವರು ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣ. ಮೈಲಾರನ ಜೊತೆ ನಾಯಿ ಇದ್ದೇ ಇರುತ್ತದೆ. ಆ ದೇವರಿಗೆ ನಡೆದುಕೊಳ್ಳುವ ಒಗ್ಗಯ್ಯರು ನಾಯಿಯ ಹಾಗೆ ಬೊಗಳಿ ಸೇವೆ ಮಾಡುವ ಪದ್ಧತಿಯೂ ಇದೆ. ಮಾಲಕರು ಹೋದಾಗಲೆಲ್ಲ ಹಣೆ ತುಂಬ ಭಂಡಾರ ಬಳಿದುಕೊಂಡು, ಗುಡಿಯ ಸುತ್ತಲಿನ ನಾಯಿಗಳಿಗೆ ಹೋಳಿಗೆ ಹಾಕಿ ಬರುತ್ತಾರೆ. ಒಂದು ಭಾನುವಾರ ಹಾಗೆ ಬಂದು ಆಟೋ ಇಳಿದವರನ್ನು ಮಾಸ್ತರರು ಗೇಟಿನಲ್ಲೇ ಹಿಡಿದರು.

"ಅಲ್ರೀ ಮಾಲಕ್ರೆ, ಅಲ್ಲಿ ನಾಯಿಗಿ ಹೋಳಿಗಿ, ಇಲ್ಲಿ ನಾಯಿಗಿ ಐನೂರು. ಮಲ್ಲಣ್ಣ ಕೇಳಿದ್ರ ಏನ್ ಹೇಳ್ತೀರಿ?"

"ಮಾಸ್ತರ್ರೆ, ಮಲ್ಲಣ್ಣ ನನ್ನ ಮನ್ಯಾಗ ಕಿರಾಯಿಗಿ ಇಲ್ಲ. ಅಂವಂದು ಸ್ವಂತ ಗುಡಿ ಅದ."

ಮಾಸ್ತರರಿಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ಹಣೆಯ ಭಂಡಾರ ಒಂದಿಷ್ಟು ಮಾಲಕರ ಮೀಸೆಗೂ ಬಿದ್ದಿತ್ತು, ಅದನ್ನು ಒರೆಸಿಕೊಳ್ಳುತ್ತ ಒಳಗೆ ಹೋದರು.

ಕಾಯ್ದೆ ತೋರಿಸುವ ಪ್ರಯತ್ನವೂ ಆಗಿದೆ. ಹುಡುಗ ಓದಿದವನು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಪ್ರಿಂಟ್ ತೆಗೆಸಿ ತಂದ. ವಸತಿ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಿದ್ದಕ್ಕೆ ನಾಯಿ ಸಾಕಿದವರಿಂದ ಬೇರೆ ಹಣ ಕೇಳುವಂತಿಲ್ಲ ಅಂತ ಅದರಲ್ಲಿದೆ. ಮಾಲಕರು ಪೂರ್ತಿ ಓದಿಸಿ ಕೇಳಿದರು. "ಬರೋಬ್ಬರಿ ಅದ. ನಾನು ಎಲ್ಲಿ ನಿಷೇಧ ಮಾಡೀನಿ? ಬಾ ಅಂದೀನಿ. ಸಂಘ ಎಲ್ಲದ? ನಾನೊಬ್ಬನೇ ಇದ್ದೀನಿ. ಲಿಫ್ಟ್ ಎಲ್ಲದ, ತೋರ್ಸು. ತೋರಿಸ್ದಿ ಅಂದ್ರ ಅದಕ್ಕ ಒಂದ್ ರೂಪಾಯಿ ತಗೋಳಂಗಿಲ್ಲ."

ಇಂಗ್ಲೆಂಡಿನಲ್ಲಿ ಇಂಥವರನ್ನು ಹಿಡಿಯಲೆಂದೇ ಒಂದು ಕಾಯ್ದೆ ಬಂತು. 2019ರ ಜೂನ್ 1ರಿಂದ ಕಿರಾಯಿದಾರರ ಮೇಲೆ ಕಂಡಕಂಡ ಶುಲ್ಕ ಹಾಕುವಂತಿಲ್ಲ, ಡಿಪಾಸಿಟ್ಟಿಗೂ ಮಿತಿಯಿದೆ ಅಂತಾಯಿತು. ನಾಯಿಯ ಹೆಸರಿನ ಬೇರೆ ಶುಲ್ಕ, ಬೇರೆ ಡಿಪಾಸಿಟ್ಟು ನಿಂತವು. ಅಲ್ಲಿಯ ಮಾಲಕರು ಸುಮ್ಮನಾದರೇ? ನಾಯಿ ಇದ್ದವರಿಗೆ ತಿಂಗಳ ಕಿರಾಯಿಯನ್ನೇ ಏರಿಸಿ ಹೇಳತೊಡಗಿದರು. ಈ ಸುದ್ದಿಯನ್ನು ಹುಡುಗ ತನ್ನ ಪರವಾಗಿ ಹೇಳಲು ಹೊರಟು, ಅರ್ಧಕ್ಕೆ ಬಂದಾಗ ಮುಂದಿನದು ಹೇಳಿದರೆ ಎಡವಟ್ಟಾಗುತ್ತದೆ ಅಂತ ನೆನಪಾಗಿ ಬಾಯಿ ಮುಚ್ಚಿಕೊಂಡ. ತಡವಾಗಿತ್ತು. ಪೆನ್ನು ಕಿವಿಯಿಂದ ಇಳಿದಿತ್ತು.

ಕರಾರು ಪತ್ರಕ್ಕೆ ಬಂದಾಗ ಇನ್ನೂ ಮೋಜು. ನಮ್ಮಲ್ಲಿ ಕಿರಾಯಿ ಕರಾರೆಲ್ಲ ಹನ್ನೊಂದು ತಿಂಗಳಿನವು. ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ರಿಜಿಸ್ಟರ್ ಮಾಡಿಸಬೇಕಾಗುತ್ತದೆ, ಅದಕ್ಕೇ ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಮಾಲಕರು ಹುಡುಗನನ್ನು ಕರೆದುಕೊಂಡು ಬಾಂಡ್ ಬರೆಯುವವರ ಹತ್ತಿರ ಹೋಗಿ, ನಾಯಿಯನ್ನೂ ಕರಾರಿನಲ್ಲಿ ಸೇರಿಸಬೇಕೆಂದರು. ಬರೆಯುವವರು ನಲವತ್ತು ವರ್ಷದ ರೂಢಿಯಂತೆ ತಲೆಯೆತ್ತದೆ ಕೇಳಿದರು: "ಹೆಸರು?" ಮೋತಿ. "ತಂದೆ ಹೆಸರು?" ಹುಡುಗ ಸುಮ್ಮನಿದ್ದ. "ವಯಸ್ಸು?" ಎರಡೂವರೆ. ಆಗ ತಲೆ ಎತ್ತಿದರು. ಕೊನೆಗೆ "ಸದರಿ ಕಿರಾಯಿದಾರನು ತನ್ನ ಜೊತೆ ತಂದಿರುವ ಒಂದು ಶ್ವಾನವು ಸದರಿ ಕಟ್ಟಡಕ್ಕೆ ಮಾಡುವ ಸಕಲ ಹಾನಿಗೆ ಬಾಧ್ಯಸ್ಥನಾಗಿರುತ್ತಾನೆ" ಅಂತ ಬರೆದರು. ಬಾಧ್ಯಸ್ಥ ಹುಡುಗನೋ ಶ್ವಾನವೋ ಅಂತ ಮಾಸ್ತರರಿಗೆ ಇವತ್ತಿಗೂ ಅನುಮಾನ.

ಬೇಸಿಗೆಯ ಒಂದು ರಾತ್ರಿ ಬೋರಿನ ಮೋಟರಿನ ಕೇಬಲ್ಲು ಕದಿಯಲು ಯಾರೋ ಕಂಪೌಂಡು ಹಾರಿದರು. ತಾಮ್ರದ ಆಸೆ. ಮೋತಿ ಮಾಳಿಗೆಯಿಂದ ಇಳಿದ ವೇಗಕ್ಕೆ ಕಳ್ಳ ಒಂದು ಚಪ್ಪಲಿ, ಕತ್ತರಿ, ಪ್ಯಾಂಟಿನ ಒಂದು ತುಂಡು ಬಿಟ್ಟು ಹೋದ. ಬೆಳಿಗ್ಗೆ ಓಣಿಯೆಲ್ಲ ಕೂಡಿತು. ಮಾಲಕರು ಆ ತುಂಡನ್ನು ಕೋಲಿನ ತುದಿಗೆ ಸಿಗಿಸಿ ಬಂದವರಿಗೆಲ್ಲ ತೋರಿಸಿದರು. "ನಮ್ಮ ಮೋತ್ಯಾ! ನಮ್ಮ ಮನಿ ನಾಯಿ!" ಅಂದರು. ಅವರ ಮನೆಯವರು ಮೋತಿಗೆ ತುಪ್ಪ ಸವರಿದ ರೊಟ್ಟಿ ಹಾಕಿದರು. ಇದೇ ಸಮಯ ಅಂತ ಹುಡುಗ ಒಂದು ಚೀಟಿ ಮುಂದಿಟ್ಟ: ರಾತ್ರಿ ಕಾವಲಿಗೆ ತಿಂಗಳಿಗೆ ಮೂರು ಸಾವಿರ, ಅದರಲ್ಲಿ ಐನೂರು ಮುರಿದುಕೊಂಡು ಬಾಕಿ ಕೊಡಬೇಕು.

ಮಾಲಕರು ಚೀಟಿಯನ್ನು ಗೌರವದಿಂದಲೇ ಓದಿದರು. ಲೆಕ್ಕ ಬರೆದವರ ಮೇಲೆ ಅವರಿಗೆ ಮರ್ಯಾದೆಯಿದೆ.

"ತಮ್ಮಾ, ಕಳ್ಳ ಬಂದದ್ದು ಒಂದ್ ರಾತ್ರಿ. ಬಾಕಿ ಇಪ್ಪತ್ತೊಂಬತ್ತು ರಾತ್ರಿ ಅದು ಯಾರಿಗಿ ಬೊಗಳ್ತು?"

ಹುಡುಗ ತಲೆ ಕೆರೆದುಕೊಂಡ.

"ಹಗಲಿಂದು ಬ್ಯಾರೆ ಅದ. ಏರ್‌ಫೋರ್ಸಿನ ವಿಮಾನ ಹೋದ್ರ ಮಾಳಿಗಿ ಈ ತುದಿಯಿಂದ ಆ ತುದಿತನಕ ಬೊಗಳ್ಕೋತ ಓಡ್ತದ. ಸೂರ್ಯಕಿರಣದವರು ಪ್ರಾಕ್ಟೀಸ್ ಮಾಡೋ ದಿನಾ ಅಂತೂ ಒಂಬತ್ತು ವಿಮಾನ. ನನ್ನ ಮಧ್ಯಾಹ್ನದ ನಿದ್ದಿ ಹೋಯ್ತು. ಅದರ ರೊಕ್ಕಾ ನಾ ಕೇಳೀನೇನು?"

ವಿಮಾನದ ಸಪ್ಪಳಕ್ಕೆ ಹೋಗದ ನಿದ್ದೆ ನಾಯಿಯ ಸಪ್ಪಳಕ್ಕೆ ಹೇಗೆ ಹೋಗುತ್ತದೆ ಅಂತ ಕೇಳುವವರು ಅಲ್ಲಿ ಇರಲಿಲ್ಲ. ಐನೂರು ಐನೂರೇ ಉಳಿಯಿತು. ಕಾವಲಿನ ಲೆಕ್ಕದಲ್ಲಿ ಮೋತಿಗೆ ದಕ್ಕಿದ್ದು ದಿನಕ್ಕೊಂದು ತುಪ್ಪದ ರೊಟ್ಟಿ, ಅದೂ ಮನೆಯವರ ಕೈಯಿಂದ.

ಇವರ ಲೆಕ್ಕಕ್ಕೆ ಸಿಗದೆ ಉಳಿದಿರುವುದು ಬೆಕ್ಕು ಒಂದೇ. ಔರಾದ್‌ನಿಂದ ಬಂದ ಗಂಡಹೆಂಡಿರು ಮೂರನೇ ಮನೆಯಲ್ಲಿದ್ದಾರೆ, ಗಂಡ ಪ್ಯಾಕಿಂಗಿನಲ್ಲಿ ಕೆಲಸ ಮಾಡುತ್ತಾನೆ. ಬೆಕ್ಕು ಅವರ ಬಾಗಿಲಲ್ಲಿ ಹಾಲು ಕುಡಿಯುತ್ತದೆ, ಮಾಸ್ತರರ ಕಪಾಟಿನ ಮೇಲೆ ಮಲಗುತ್ತದೆ, ಕೆಮಿಸ್ಟನ ತೊಟ್ಟಿಯ ಮುಂದೆ ಸಂಜೆ ಕಳೆಯುತ್ತದೆ. ಬೆಕ್ಕಿಗೆ ಇನ್ನೂರು ಅಂತ ರೇಟು ಗೊತ್ತಾದ ದಿನದಿಂದ ಪ್ರತಿ ತಿಂಗಳ ಒಂದನೇ ತಾರೀಕು ಅದು ಯಾರದೂ ಅಲ್ಲ. ಅಂದು ಮಾಲಕರು ಬೆಕ್ಕನ್ನು ಕಂಕುಳಲ್ಲಿ ಅಮುಕಿಕೊಂಡು ಮನೆಮನೆಗೆ ಹೋಗುತ್ತಾರೆ. "ಇದು ನಿಮ್ದಲ್ಲೇನ್ರಿ?" "ಛೇ ಛೇ, ಮಾಸ್ತರ್ರದು ಇರ್ಬೇಕ್ರಿ." "ನಮ್ಮದ್ಯಾಕ್ರೀ, ನಮ್ಮನಿಯವ್ರಿಗಿ ಬೆಕ್ಕಂದ್ರ ಆಗಿಬರಲ್ಲ." ಎರಡನೇ ತಾರೀಕು ಬೆಳಿಗ್ಗೆ ಎಲ್ಲ ಬಾಗಿಲಲ್ಲೂ ಬಟ್ಟಲು ಬರುತ್ತದೆ.

ಮೊನ್ನೆ ಅದು ಮರಿ ಹಾಕಿದೆ. ನಾಲ್ಕು. ಹಾಕಿದ್ದು ಕೆಳಗೆ, ಮಾಲಕರದೇ ತೊಗರಿ ಚೀಲಗಳ ಸಂದಿಯಲ್ಲಿ. ಔರಾದ್‌ನ ಹೆಣ್ಣುಮಗಳು ಇದನ್ನು ಕೇಳಿ ಬಹಳ ಸಂತೋಷಪಟ್ಟು, "ನಿಮ್ಮ ಮನ್ಯಾಗ ಹುಟ್ಯಾವ, ನಿಮ್ಮವೇ ರೀ ಅಪ್ಪಾರೆ" ಅಂದಳು. ಮಾಲಕರು ನೋಟ್‌ಬುಕ್ಕಿನಲ್ಲಿ ಏನು ಬರೆಯುವುದು ಅಂತ ಯೋಚಿಸುತ್ತಿರುವಾಗಲೇ ತಾಯಿಬೆಕ್ಕು ಒಂದು ಮರಿಯನ್ನು ಬಾಯಲ್ಲಿ ಕಚ್ಚಿ ಮಾಸ್ತರರ ಮನೆಗೆ ಸಾಗಿಸಿತು. ಮರುದಿನ ಇನ್ನೊಂದು, ಕೆಮಿಸ್ಟನ ಮಂಚದ ಕೆಳಗೆ. ಬೆಳಿಗ್ಗೆ ಎಣಿಸಿದರೆ ಕೆಳಗೆ ಎರಡು, ಮೇಲೆ ಎರಡು. ಸಂಜೆ ಎಣಿಸಿದರೆ ಕೆಳಗೆ ಒಂದು, ಒಂದರ ಪತ್ತೆಯಿಲ್ಲ. ಮಾಲಕರು ಪೆನ್ನು ಹಿಡಿದು ಮೆಟ್ಟಿಲು ಹತ್ತಿ ಇಳಿದು ಸುಸ್ತಾಗಿ, ನಿನ್ನೆ ಮಧ್ಯಾಹ್ನ ಕುರ್ಚಿಯಲ್ಲಿ ಕೂತು ಡಲ್ಲಾಸಿಗೆ ಫೋನು ಹಚ್ಚಿದರು. ದನಿ ರಸ್ತೆ ದಾಟಿ ಹೋಟೆಲಿನೊಳಗೂ ಬಂತು.

"ಅಲ್ಲೋ, ಅಲ್ಲಿ ಮರಿಗಿ ಹೆಂಗ? ಬಸ್ಸಿನ್ಯಾಗ ಇದ್ದಂಗ ಅರ್ಧ ಟಿಕೀಟ್ ಅದೋ, ಪೂರಾ ತಗೋತಾರೋ?"

ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿಸಿಕೊಂಡರು.

"ರಾತ್ರಿ ಎರಡು ಆಗಿದ್ರ ಆಗ್ಲೇಳು. ಎಚ್ಚರ ಆಗಿದ್ದೀ ಅಲ್ಲ, ಹೇಳು."